ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್, ಭೂತಾನ್: ಪಕ್ಕದ ದೇಶದಲ್ಲಿ ಹೋಟೆಲಿಗೆ ದುಡ್ಡು ಹಾಕುವ ಮೊದಲು

ಸಕಲೇಶಪುರದ ಹತ್ತಿರ ನಮ್ಮದೊಂದು ಎಂಟು ರೂಮಿನ ಹೋಮ್‌ಸ್ಟೇ ಇದೆ. ಹೊರಗೆ ಎಲ್ಲಾದರೂ ಹೋಟೆಲ್ ಮಾಡಬೇಕು ಅಂತ ಆಸೆ ಇರುವವರು ಅದಕ್ಕೇ ನನ್ನನ್ನು ಕೇಳುತ್ತಾರೆ. "ಶ್ರೀಲಂಕಾದಲ್ಲಿ ಸಮುದ್ರದ ಪಕ್ಕ ಒಂದು ಜಾಗ ಇದೆಯಂತೆ, ಹಾಕಬಹುದಾ?" "ಪೊಖರಾದಲ್ಲಿ ಒಬ್ಬರು ಪಾರ್ಟ್‌ನರ್ ಹುಡುಕುತ್ತಿದ್ದಾರೆ, ನಂಬಬಹುದಾ?" ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಜಾಗದ ಫೋಟೋ ತೋರಿಸಿ ಮಾತು ಶುರು ಮಾಡುತ್ತಾರೆ. ನಾನೂ ಒಂದು ಸಲ ಹಾಗೇ ಶುರು ಮಾಡಿದ್ದೆ, ಅದರ ಕತೆ ಮುಂದೆ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ಈ ನಾಲ್ಕು ದೇಶಗಳಲ್ಲಿ ಎಲ್ಲೂ ನೀವು ಹೊರದೇಶದವರಾಗಿ ಸ್ವಂತ ಹೆಸರಿನಲ್ಲಿ ರೆಸಾರ್ಟಿಗೆ ಜಮೀನು ಕೊಳ್ಳುವಂತಿಲ್ಲ. ನಿಮಗೆ ಸಿಗುವುದು ಇಷ್ಟು ವರ್ಷ ಅಂತ ಒಂದು ಲೀಸ್, ಇಲ್ಲಾ ಅಲ್ಲಿನ ಒಂದು ಕಂಪನಿಯ ಷೇರು. ಹಾಗಾಗಿ ಹೋಲಿಕೆ ಮಾಡುವಾಗ ನಾನು ನೋಡುವುದು ಇಷ್ಟೇ: ಲೀಸ್ ಎಷ್ಟು ವರ್ಷ, ಈಗಿನ ನಿಯಮ ಅಷ್ಟು ವರ್ಷ ಹೀಗೇ ಇರುತ್ತದಾ, ಸೀಸನ್ ಇಲ್ಲದ ತಿಂಗಳಲ್ಲಿ ರೂಮು ಯಾರಿಂದ ತುಂಬುತ್ತದೆ, ಲಾಭ ಬಂದರೆ ವಾಪಸ್ ತರಲು ದಾರಿ ಇದೆಯಾ. ತೆರಿಗೆ ವಿನಾಯಿತಿ ಆಮೇಲಿನ ಮಾತು. ಐದು ವರ್ಷ ತೆರಿಗೆ ಬೇಡ ಅಂದ ಸರ್ಕಾರ ಮೂರನೇ ವರ್ಷಕ್ಕೆ ಬದಲಾದರೆ ಆ ವಿನಾಯಿತಿಯನ್ನು ಯಾರ ಹತ್ತಿರ ಕೇಳುತ್ತೀರಿ?

ಇನ್ನೊಂದು ತಪ್ಪು ಕಲ್ಪನೆ ಇದೆ. ದಕ್ಷಿಣ ಏಷ್ಯಾದ ದೇಶಗಳ ಒಕ್ಕೂಟ ಸಾರ್ಕ್ ಇದೆಯಲ್ಲ, ಒಂದು ದೇಶದಲ್ಲಿ ಕಂಪನಿ ಮಾಡಿದರೆ ಉಳಿದ ಕಡೆಯೂ ಸುಲಭ ಆಗಬಹುದು ಅಂತ. ಆಗುವುದಿಲ್ಲ. ಸಾರ್ಕ್ ಹುಟ್ಟಿದ್ದು 1985ರಲ್ಲಿ, ಕಚೇರಿ ಕಾಠ್ಮಂಡುವಿನಲ್ಲಿದೆ, ಆದರೆ 2014ರ ನಂತರ ಅದರ ಶೃಂಗಸಭೆಯೇ ನಡೆದಿಲ್ಲ. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳದ ನಡುವೆ ಗಾಡಿಗಳು ಸಲೀಸಾಗಿ ಓಡಾಡಲಿ ಅಂತ 2015ರಲ್ಲಿ ಥಿಂಪುವಿನಲ್ಲಿ ಒಪ್ಪಂದ ಆಯಿತು, ಅದಕ್ಕೆ ಭೂತಾನದ ಸಂಸತ್ತೇ ಒಪ್ಪಿಗೆ ಕೊಡಲಿಲ್ಲ. ಒಬ್ಬ ಪ್ರವಾಸಿ ಬುದ್ಧಗಯೆ ನೋಡಿ, ನೇಪಾಳದ ಲುಂಬಿನಿಗೆ ಹೋಗಿ, ಭೂತಾನದ ಪಾರೋ ಕಡೆ ಹೊರಟರೆ ಪ್ರತಿ ಗಡಿಯಲ್ಲೂ ಬೇರೆ ಕಾಗದ, ಬೇರೆ ಶುಲ್ಕ, ಬೇರೆ ಗಾಡಿ. ಇದು ನನಗೆ ನಿಜವಾಗಿ ಬೇಸರದ ವಿಷಯ, ಯಾಕೆಂದರೆ ಈ ನಾಲ್ಕು ದೇಶ ಒಂದಾಗಿ ಒಂದು ನಿಯಮ ಮಾಡಿದ್ದರೆ ನಮ್ಮಂಥ ಸಣ್ಣವರಿಗೂ ದೊಡ್ಡ ಅವಕಾಶ ಇರುತ್ತಿತ್ತು. ಸದ್ಯಕ್ಕೆ ಒಂದೊಂದು ದೇಶವನ್ನೂ ಬೇರೆಬೇರೆಯಾಗಿಯೇ ಲೆಕ್ಕ ಹಾಕಬೇಕು.

ಶ್ರೀಲಂಕಾ: ಹತ್ತಿರ ಇದೆ, ಚೆನ್ನಾಗಿದೆ, ಕಾಗದ ನೋಡದೆ ಕಾಲಿಡಬೇಡಿ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಅನ್ನ, ತೆಂಗಿನಕಾಯಿ, ಮೀನು, ಮಳೆ, ಎಲ್ಲವೂ ನಮ್ಮ ಕರಾವಳಿಯವರಿಗೆ ಗೊತ್ತಿರುವಂಥದ್ದೇ. 2024ರಲ್ಲಿ ಅಲ್ಲಿಗೆ 20 ಲಕ್ಷಕ್ಕೂ ಜಾಸ್ತಿ ಪ್ರವಾಸಿಗರು ಬಂದರು, ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಭಾರತದವರು. ಬೇರೆ ಯಾವ ದೇಶದಿಂದಲೂ ಅಷ್ಟು ಜನ ಬರಲಿಲ್ಲ. ಐಟಿಸಿ ಭಾರತದ ಹೊರಗೆ ಕಟ್ಟಿದ ಮೊದಲ ಹೋಟೆಲು ಕೊಲಂಬೊದ ರತ್ನದೀಪ, 2024ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ತಾಜ್ ಅದಕ್ಕಿಂತ ಎಷ್ಟೋ ಮೊದಲಿನಿಂದ ಅಲ್ಲಿದೆ.

ನನಗೆ ಅಲ್ಲಿ ತುಂಬ ಇಷ್ಟವಾಗುವುದು ಅದರ ಎರಡು ಮಳೆಗಾಲ. ಬೆಂಟೋಟ, ಗಾಲೆ, ಮಿರಿಸ್ಸದ ಕಡೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸೀಸನ್. ಅಲ್ಲಿ ಮಳೆ ಹಿಡಿಯುವ ಹೊತ್ತಿಗೆ ಪೂರ್ವದ ತ್ರಿಂಕೋಮಲಿ, ಪಾಸಿಕುಡ, ಅರುಗಂ ಬೇ ಕಡೆ ಸಮುದ್ರ ತಿಳಿಯಾಗುತ್ತದೆ, ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಎರಡೂ ಕಡೆ ಒಂದೊಂದು ಚಿಕ್ಕ ಜಾಗ ಇಟ್ಟುಕೊಂಡು, ಅದೇ ಅಡುಗೆಯವರು ಅದೇ ಹುಡುಗರನ್ನು ಅರ್ಧ ವರ್ಷ ಇಲ್ಲಿ ಅರ್ಧ ವರ್ಷ ಅಲ್ಲಿ ಕಳಿಸಿದರೆ ಸಂಬಳ ದಂಡ ಆಗುವುದಿಲ್ಲ. ಮಳೆಗಾಲದ ಮೂರು ತಿಂಗಳು ಖಾಲಿ ರೂಮು ಕಾಯುವ ಕಷ್ಟ ಏನು ಅಂತ ಮಲೆನಾಡಿನ ನಮಗೆ ಗೊತ್ತು, ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಜಮೀನಿನ ವಿಷಯ. 2014ರ 38ನೇ ಕಾಯ್ದೆ ಪ್ರಕಾರ ವಿದೇಶಿಯರಿಗೆ, ಮತ್ತೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಷೇರು ವಿದೇಶಿಯರ ಕೈಯಲ್ಲಿರುವ ಕಂಪನಿಗೆ, ಜಮೀನು ಮಾರುವಂತಿಲ್ಲ. ಲೀಸ್ ಮಾಡಿಕೊಳ್ಳಬಹುದು, 99 ವರ್ಷದವರೆಗೂ ಅವಕಾಶ ಇದೆ. ಇದನ್ನು ತಪ್ಪಿಸಿಕೊಳ್ಳಲು ಕೆಲವರು ಒಂದು ದಾರಿ ಹೇಳಿಕೊಡುತ್ತಾರೆ: ಅಲ್ಲಿಯವರೊಬ್ಬರ ಹೆಸರಿನಲ್ಲಿ ಜಮೀನು ಕೊಂಡು, ಒಳಗೊಳಗೆ ಒಂದು ಕರಾರು ಬರೆಸಿಕೊಳ್ಳಿ ಅಂತ. ದಯವಿಟ್ಟು ಮಾಡಬೇಡಿ. ಜಗಳ ಬಂದ ದಿನ ಆ ಕರಾರನ್ನು ಕೋರ್ಟಿನಲ್ಲಿ ತೋರಿಸಲು ಹೋದರೆ ಕಾನೂನು ಮುರಿದವರು ನೀವೇ ಆಗುತ್ತೀರಿ.

ನನ್ನ ಕತೆ ಇಲ್ಲಿಯದೇ. ಬೆಟ್ಟದ ಕಡೆ ‘ಎಲ್ಲಾ’ (Ella) ಅಂತಲೇ ಹೆಸರಿರುವ ಊರಿನ ಹತ್ತಿರ, ಚಹಾ ತೋಟದ ನಡುವೆ ಆರು ರೂಮಿನ ಒಂದು ಹಳೇ ಬಂಗಲೆ, ಕಿಟಕಿ ತೆಗೆದರೆ ಇಡೀ ಕಣಿವೆ ಕಾಣುತ್ತದೆ. ಮಾಲೀಕರು ಒಳ್ಳೆಯವರು, ಬಾಡಿಗೆ ಹದವಾಗಿತ್ತು, ನಾನು ಮುಂಗಡಕ್ಕೆ ದುಡ್ಡು ಹೊಂದಿಸಿಯೂ ಆಗಿತ್ತು. ನನ್ನ ಹೆಂಡತಿ ಹಟ ಹಿಡಿದಿದ್ದಕ್ಕೆ ಬೇರೆ ಒಬ್ಬ ವಕೀಲರ ಹತ್ತಿರ ಹಳೇ ದಾಖಲೆ ತೆಗೆಸಿದೆವು, ನಾವಿಲ್ಲಿ ಪಹಣಿ, ಇಸಿ ತೆಗೆಸುತ್ತೇವಲ್ಲ, ಹಾಗೆ. ನೋಡಿದರೆ ಆ ಜಾಗದಲ್ಲಿ ಮೂವರು ಅಣ್ಣತಮ್ಮಂದಿರಿಗೆ ಪಾಲಿದೆ, ಒಬ್ಬರು ಹೊರದೇಶದಲ್ಲಿದ್ದಾರೆ, ಅವರ ಸಹಿ ಎಲ್ಲೂ ಇಲ್ಲ. ವಕೀಲರ ಫೀಸು ಕೊಟ್ಟು ವಾಪಸ್ ಬಂದೆವು. ಆ ಫೀಸು ಇವತ್ತಿಗೂ ನಾನು ಮಾಡಿದ ಅತಿ ಒಳ್ಳೆಯ ಖರ್ಚು.

ದುಡ್ಡು ಒಳಗೆ ತರುವಾಗಲೂ ಒಂದು ಎಚ್ಚರಿಕೆ ಬೇಕು. ಅಲ್ಲಿನ ಬ್ಯಾಂಕಿನಲ್ಲಿ ವಿದೇಶಿ ಹೂಡಿಕೆದಾರರಿಗೆ ಅಂತಲೇ ಇನ್ವರ್ಡ್ ಇನ್ವೆಸ್ಟ್‌ಮೆಂಟ್ ಅಕೌಂಟ್ ಇದೆ. ಅದರ ಮೂಲಕ ತಂದರೆ ಮಾತ್ರ ಲಾಭವನ್ನು ಅದೇ ದಾರಿಯಲ್ಲಿ ಹೊರಗೆ ಒಯ್ಯಬಹುದು. ಸ್ನೇಹಿತರ ಖಾತೆಗೆ ಹಾಕಿ, ಕೈಯಲ್ಲಿ ಒಯ್ದು ಕಟ್ಟಡ ಕಟ್ಟಿದವರು ಆಮೇಲೆ ಒದ್ದಾಡುತ್ತಾರೆ.

ಅಪಾಯ ಇಲ್ಲ ಅಂತ ಅಲ್ಲ. 2018ರಲ್ಲಿ 23 ಲಕ್ಷ ಜನ ಬಂದ ದೇಶ ಅದು. 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬ್ ದಾಳಿ, ಅದು ಮುಗಿಯಿತು ಅನ್ನುವಾಗ ಕೊರೋನಾ, ಅದರ ಹಿಂದೆಯೇ 2022ರಲ್ಲಿ ದೇಶವೇ ಸಾಲ ಕಟ್ಟಲಾಗದೆ ಕೈ ಚೆಲ್ಲಿತು. ಆ ವರ್ಷದ ಶುರುವಿನಲ್ಲಿ ಡಾಲರಿಗೆ ಸುಮಾರು 200 ರೂಪಾಯಿ ಇದ್ದದ್ದು ಮೇ ಹೊತ್ತಿಗೆ 360ರ ಹತ್ತಿರ ಹೋಯಿತು. ಅಲ್ಲಿನ ರೂಪಾಯಿಯಲ್ಲಿ ಲಾಭ ಮಾಡಿದವರಿಗೂ ಇಲ್ಲಿಗೆ ತಂದಾಗ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿಯಿತು. 2025ರ ನವೆಂಬರ್‌ನಲ್ಲಿ ದಿತ್ವಾ ಚಂಡಮಾರುತ ಬಂದು ಬೆಟ್ಟದ ಊರುಗಳಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಕೊಡಗಿನ ಗುಡ್ಡ ಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಟ್ಟದ ಕಡೆ ಜಾಗ ನೋಡುವುದಾದರೆ ಇಳಿಜಾರು, ನೀರು ಹರಿಯುವ ದಾರಿ, ಹಿಂದೆ ಎಲ್ಲೆಲ್ಲಿ ಮಣ್ಣು ಜಾರಿದೆ, ಇದನ್ನೆಲ್ಲ ಊರವರನ್ನೇ ಕೇಳಿ. ಇಷ್ಟೆಲ್ಲ ಆದರೂ ಪ್ರತಿ ಸಲವೂ ಆ ದೇಶಕ್ಕೆ ಜನ ವಾಪಸ್ ಬಂದಿದ್ದಾರೆ. ಎರಡು ಕೆಟ್ಟ ವರ್ಷ ತಡೆದುಕೊಳ್ಳುವಷ್ಟು ದುಡ್ಡು ಪಕ್ಕಕ್ಕೆ ಇಟ್ಟವರು ಮಾತ್ರ ಅಲ್ಲಿಗೆ ಹೋಗಿ.

ನೇಪಾಳ: ನಮ್ಮವರಿಗೆ ಸುಲಭ, ಆದರೆ ಸಣ್ಣದಾಗಿ ಶುರು ಮಾಡಲು ಬಿಡುವುದಿಲ್ಲ

ಭಾರತೀಯರಿಗೆ ವೀಸಾ ಬೇಡ. ನೇಪಾಳಿ ರೂಪಾಯಿ 1993ರಿಂದ ಹಾಗೇ ಇದೆ, ನಮ್ಮ 1 ರೂಪಾಯಿಗೆ ಅವರ 1 ರೂಪಾಯಿ 60 ಪೈಸೆ. ಶ್ರೀಲಂಕಾದಲ್ಲಿ ಆದ ಹಾಗೆ ರಾತ್ರಿ ಬೆಳಗಾಗುವುದರಲ್ಲಿ ಹಣದ ಬೆಲೆ ಬಿದ್ದು ಹೋಗುವ ಭಯ ಇಲ್ಲಿ ಬಹಳ ಕಡಿಮೆ. ನನ್ನ ಪ್ರಕಾರ ಇದೇ ನೇಪಾಳದ ದೊಡ್ಡ ಗುಣ, ಹಿಮಾಲಯಕ್ಕಿಂತ.

ಕನ್ನಡಿಗರಿಗೆ ನೇಪಾಳದ ಜೊತೆ ಹಳೇ ನಂಟು. ಪಶುಪತಿನಾಥ ದೇವಸ್ಥಾನದಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯಿಂದ ಹೋದವರು. ಮುಕ್ತಿನಾಥಕ್ಕೆ, ಕೈಲಾಸ ಮಾನಸ ಸರೋವರಕ್ಕೆ ಹೊರಟವರು ಕಾಠ್ಮಂಡುವಿನಲ್ಲಿ ಎರಡು ಮೂರು ದಿನ ಉಳಿಯುತ್ತಾರೆ. ಅವರಲ್ಲಿ ಜಾಸ್ತಿ ಜನ ವಯಸ್ಸಾದವರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಬಿಸಿನೀರು, ಲಿಫ್ಟು, ಬೆಳಿಗ್ಗೆ ಐದಕ್ಕೆ ಒಂದು ಲೋಟ ಕಾಫಿ ಕೇಳುತ್ತಾರೆ. ಇದನ್ನು ನಮಗಿಂತ ಚೆನ್ನಾಗಿ ಕೊಡುವವರು ಯಾರು ಹೇಳಿ? ಹೊರಗಿನ ಟ್ರೆಕ್ಕಿಂಗ್ ಜನ ಬರುವುದು ಅಕ್ಟೋಬರ್, ನವೆಂಬರ್, ಮತ್ತೆ ಮಾರ್ಚ್, ಏಪ್ರಿಲ್. ಅದಾದ ಮೇಲೆ ಮೇ, ಜೂನ್‌ನಲ್ಲಿ ಶಾಲೆಗೆ ರಜೆ ಸಿಕ್ಕ ನಮ್ಮ ಜನ ಬರುತ್ತಾರೆ. ಅಲ್ಲಿನ ಹೋಟೆಲಿನವರಿಗೆ ಖಾಲಿ ಅನ್ನಿಸುವ ತಿಂಗಳು ನಮ್ಮವರಿಗೆ ಸೀಸನ್. 2024ರಲ್ಲಿ ವಿಮಾನದಲ್ಲಿ ಇಳಿದ ಭಾರತೀಯರೇ 3 ಲಕ್ಷಕ್ಕೂ ಹೆಚ್ಚು, ಗಡಿ ದಾಟಿ ಬಸ್ಸು ಕಾರಿನಲ್ಲಿ ಬಂದವರ ಲೆಕ್ಕ ಬೇರೆ. ಆ ವರ್ಷವೇ ನಮ್ಮ ಯುಪಿಐ ಕೂಡ ಅಲ್ಲಿನ ಅಂಗಡಿಗಳಲ್ಲಿ ನಡೆಯಲು ಶುರುವಾಯಿತು.

ತೊಡಕು ಇಲ್ಲಿದೆ. ವಿದೇಶಿಯರು ಹಾಕಲೇಬೇಕಾದ ಕನಿಷ್ಠ ಬಂಡವಾಳ ಮೊದಲು 5 ಕೋಟಿ ನೇಪಾಳಿ ರೂಪಾಯಿ ಇತ್ತು, 2022ರಲ್ಲಿ ಅದನ್ನು 2 ಕೋಟಿಗೆ ಇಳಿಸಿದರು. ನಮ್ಮ ದುಡ್ಡಿನಲ್ಲಿ 1 ಕೋಟಿ 25 ಲಕ್ಷ. ಇಳಿಸಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಬರೀ ವಿನಾಯಿತಿ ಘೋಷಿಸುವುದಕ್ಕಿಂತ ಹೊಸ್ತಿಲಿನ ಎತ್ತರ ಕಡಿಮೆ ಮಾಡಿದಾಗಲೇ ಮಧ್ಯಮ ಗಾತ್ರದ ಹೋಟೆಲಿನವರು ಒಳಗೆ ಬರುತ್ತಾರೆ. ಆದರೆ ಹೋಮ್‌ಸ್ಟೇ, ಟ್ರಾವೆಲ್ ಏಜೆನ್ಸಿ, ಗೈಡ್, ಟ್ರೆಕ್ಕಿಂಗ್ ಕೆಲಸ, ಇವನ್ನು 2019ರ ವಿದೇಶಿ ಹೂಡಿಕೆ ಕಾಯ್ದೆ ಸ್ಥಳೀಯರಿಗೇ ಮೀಸಲಿಟ್ಟಿದೆ. ನನಗೆ ಇದು ಸರಿಯಾಗಿಯೇ ಕಾಣುತ್ತದೆ, ಹಳ್ಳಿಯ ಮನೆಯ ಎರಡು ರೂಮಿನ ಆದಾಯಕ್ಕೆ ಹೊರಗಿನವರು ಹೋಗಿ ಪೈಪೋಟಿ ಮಾಡಬಾರದು. ಆದ್ದರಿಂದ ನೇಪಾಳ ಅಂದರೆ ಹೋಟೆಲು ಅಂತಲೇ ತಿಳಿಯಿರಿ. ಕಂಪನಿ ಅಲ್ಲಿ ನೋಂದಣಿ ಆದರೆ ಜಮೀನು ಕಂಪನಿ ಹೆಸರಿನಲ್ಲಿ ಇರಬಹುದು. ತಂದ ಬಂಡವಾಳವನ್ನು ನೇಪಾಳ ರಾಷ್ಟ್ರ ಬ್ಯಾಂಕಿನಲ್ಲಿ ದಾಖಲು ಮಾಡಿಸಲೇಬೇಕು, ಲಾಭ ಹೊರಗೆ ಒಯ್ಯುವಾಗ ಕೈಗಾರಿಕಾ ಇಲಾಖೆ ಮತ್ತು ಆ ಬ್ಯಾಂಕಿನ ಒಪ್ಪಿಗೆ ಬೇಕಾಗುತ್ತದೆ. ನಿಧಾನ ಆಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ರಾಜಕೀಯ ಮಾತ್ರ ನೆಮ್ಮದಿ ಕೊಡುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಯುವಕರ ಹೋರಾಟ ಹಿಂಸೆಗೆ ತಿರುಗಿ ಎರಡೇ ದಿನದಲ್ಲಿ ಸರ್ಕಾರ ಬಿತ್ತು, ಕಾಠ್ಮಂಡುವಿನ ಹಿಲ್ಟನ್ ಹೋಟೆಲಿಗೆ ಬೆಂಕಿ ಬಿತ್ತು. ಬೆಂಕಿ, ಭೂಕಂಪದ ವಿಮೆಯ ಜೊತೆಗೆ ಗಲಭೆಯ ವಿಮೆಯೂ ಇದೆಯಾ ಅಂತ ಪಾಲಿಸಿ ಓದಿ ನೋಡಬೇಕು. 2015ರ ಭೂಕಂಪ ಯಾರೂ ಮರೆತಿಲ್ಲ, ಕಟ್ಟಿದ ಕಟ್ಟಡ ಕೊಳ್ಳುವುದಾದರೆ ಇಂಜಿನಿಯರ್ ಹತ್ತಿರ ತೋರಿಸದೆ ಮುಂಗಡ ಕೊಡಬೇಡಿ. ಪೊಖರಾದಲ್ಲಿ 2023ರ ಜನವರಿ 1ಕ್ಕೆ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಲುಂಬಿನಿ ಹತ್ತಿರದ ಭೈರಹವಾದಲ್ಲಿ ಅದಕ್ಕೂ ಮೊದಲು, 2022ರಲ್ಲಿ. ಎರಡಕ್ಕೂ ಅಂದುಕೊಂಡಷ್ಟು ಹೊರದೇಶದ ವಿಮಾನ ಬಂದಿಲ್ಲ. ನೇಪಾಳದ ವಿಮಾನ ಕಂಪನಿಗಳನ್ನು ಯುರೋಪ್ 2013ರಿಂದ ತನ್ನ ಆಕಾಶಕ್ಕೆ ಬಿಟ್ಟಿಲ್ಲ. ಹಾಗಾಗಿ "ಏರ್‌ಪೋರ್ಟ್ ಬಂತು, ಇನ್ನು ರೇಟು ಏರುತ್ತೆ" ಅನ್ನುವ ಬ್ರೋಕರ್ ಮಾತಿಗೆ ಜಾಗದ ಬೆಲೆ ಜಾಸ್ತಿ ಕೊಡಬೇಡಿ.

ಮಾಲ್ಡೀವ್ಸ್: ದೊಡ್ಡವರ ಆಟ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇದು ಎಟುಕುವುದಿಲ್ಲ. 1972ರಲ್ಲಿ ಕುರುಂಬಾ ರೆಸಾರ್ಟಿನಿಂದ ಶುರುವಾದದ್ದು, ಒಂದು ದ್ವೀಪಕ್ಕೆ ಒಂದು ರೆಸಾರ್ಟು ಅನ್ನುವ ಪದ್ಧತಿ. ದ್ವೀಪ ಲೀಸಿಗೆ ಸಿಕ್ಕಿತು ಅಂದರೆ ಸಿಕ್ಕಿದ್ದು ಮರಳು ಮಾತ್ರ. ಕರೆಂಟು, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ಚರಂಡಿ, ಜೆಟ್ಟಿ, ಕೆಲಸದವರ ಮನೆ, ಎಲ್ಲವನ್ನೂ ನೀವೇ ಕಟ್ಟಬೇಕು, ತರಕಾರಿಯಿಂದ ಹಿಡಿದು ಮೊಳೆಯವರೆಗೆ ಬಹುತೇಕ ಎಲ್ಲ ದೋಣಿಯಲ್ಲೇ ಬರಬೇಕು. ಆದಾಯ ಡಾಲರಿನಲ್ಲಿ, ಅದು ಒಳ್ಳೆಯದು. 2024ರಲ್ಲಿ 20 ಲಕ್ಷ ಜನ ಬಂದಿದ್ದಾರೆ, ಅಲ್ಲಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು. ಆದರೆ ತೆರಿಗೆ ಏರುತ್ತಲೇ ಇದೆ: 2025ರ ಜನವರಿಯಿಂದ ರೆಸಾರ್ಟಿನಲ್ಲಿ ಒಬ್ಬರಿಗೆ ದಿನಕ್ಕೆ ಗ್ರೀನ್ ಟ್ಯಾಕ್ಸ್ 6 ಡಾಲರಿನಿಂದ 12 ಆಯಿತು, ಜುಲೈಯಿಂದ ಪ್ರವಾಸೋದ್ಯಮದ ಜಿಎಸ್‌ಟಿ 16ರಿಂದ 17 ಪರ್ಸೆಂಟ್ ಆಯಿತು. ಭಾರತದ ಜೊತೆ ಎರಡು ಕಡೆ ತೆರಿಗೆ ತಪ್ಪಿಸುವ ಪೂರ್ತಿ ಒಪ್ಪಂದ ಇಲ್ಲ, ಉಳಿದ ಮೂರು ದೇಶಗಳ ಜೊತೆ ಇದೆ.

ಇನ್ನು ಸರ್ಕಾರದ ಮಾತು ಎಷ್ಟು ನಿಲ್ಲುತ್ತದೆ ಅಂತ ನೋಡಲು ಮಾಲೆ ವಿಮಾನ ನಿಲ್ದಾಣದ ಕತೆ ನೆನಪಿಸಿಕೊಳ್ಳಿ. ಆಗ ಬೆಂಗಳೂರಿನಲ್ಲಿ ಕಚೇರಿ ಇದ್ದ ಜಿಎಂಆರ್ ಕಂಪನಿ 2010ರಲ್ಲಿ 25 ವರ್ಷಕ್ಕೆ ಅದನ್ನು ನಡೆಸುವ ಒಪ್ಪಂದ ಮಾಡಿಕೊಂಡಿತು. ಸರ್ಕಾರ ಬದಲಾಯಿತು, 2012ರ ಕೊನೆಗೆ ಒಪ್ಪಂದ ರದ್ದು. ನ್ಯಾಯಮಂಡಳಿಗೆ ಹೋಗಿ 2016ರಲ್ಲಿ ಸುಮಾರು 27 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಜಿಎಂಆರ್‌ಗೆ ನಾಲ್ಕು ವರ್ಷ ಹೋರಾಡುವ ಶಕ್ತಿ ಇತ್ತು, ನಮಗೆ ಇರುತ್ತದಾ? 2024ರ ಜನವರಿಯಲ್ಲಿ ಲಕ್ಷದ್ವೀಪದ ವಿಷಯಕ್ಕೆ ಎರಡು ದೇಶಗಳ ನಡುವೆ ಮಾತಿಗೆ ಮಾತು ಬೆಳೆದಾಗ, ಹಿಂದಿನ ವರ್ಷ 2 ಲಕ್ಷ ದಾಟಿದ್ದ ನಮ್ಮ ಪ್ರವಾಸಿಗರು 1 ಲಕ್ಷ 30 ಸಾವಿರದ ಆಸುಪಾಸಿಗೆ ಇಳಿದರು. ಭಾರತೀಯರನ್ನೇ ನಂಬಿ ಅಲ್ಲಿ ಹೋಟೆಲು ಮಾಡಿದವರಿಗೆ ಅದು ದೊಡ್ಡ ಪೆಟ್ಟು. ಜನ ವಾಸ ಇರುವ ಮಾಫುಶಿಯಂಥ ದ್ವೀಪಗಳಲ್ಲಿ ಚಿಕ್ಕ ಗೆಸ್ಟ್‌ಹೌಸ್‌ಗಳಿವೆ, ಅಲ್ಲಿ ಮದ್ಯ ಮಾರುವಂತಿಲ್ಲ, ರೇಟು ಕಮ್ಮಿ. ಆ ದಾರಿ ಹಿಡಿಯುವುದಾದರೆ ಅಲ್ಲಿಯವರೇ ನಡೆಸಲಿ, ನೀವು ಬುಕಿಂಗ್, ಅಡುಗೆ, ತರಬೇತಿಯಲ್ಲಿ ಕೈ ಜೋಡಿಸಿ ಅಂತ ನಾನು ಹೇಳುತ್ತೇನೆ.

ಭೂತಾನ್: ಜನ ಕಮ್ಮಿ ಬರಲಿ ಅಂತಲೇ ಇರುವ ದೇಶ

ಭೂತಾನ್ ಹೊರಗಿನವರಿಗೆ ಬಾಗಿಲು ತೆರೆದದ್ದು 1974ರಲ್ಲಿ, ಅವತ್ತಿನಿಂದ ಇವತ್ತಿನವರೆಗೆ ಅವರ ಮಾತು ಒಂದೇ, ಕಡಿಮೆ ಜನ, ಹೆಚ್ಚು ಬೆಲೆ. ಆ ನಿಲುವನ್ನು ನಾನು ಗೌರವಿಸುತ್ತೇನೆ. ವಾರಾಂತ್ಯಕ್ಕೆ ಗಾಡಿಗಳು ಸಾಲುಗಟ್ಟಿ ನಿಂತ ನಮ್ಮ ಮುಳ್ಳಯ್ಯನಗಿರಿ ರಸ್ತೆ ನೋಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಪ್ರವಾಸಿಗರು ಅಲ್ಲಿನ ಸರ್ಕಾರಕ್ಕೆ ಕಟ್ಟುವ ಶುಲ್ಕ ಮಾತ್ರ ಬದಲಾಗುತ್ತಲೇ ಇತ್ತು: ರಾತ್ರಿಗೆ 65 ಡಾಲರ್ ಇದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ 200 ಆಯಿತು, ಜನ ಬರಲಿಲ್ಲ, ಮರುವರ್ಷ 100ಕ್ಕೆ ಇಳಿಸಿದರು. ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ. 2019ರಲ್ಲಿ 3 ಲಕ್ಷ 15 ಸಾವಿರ ಜನ ಬಂದಿದ್ದರು, 2024ರಲ್ಲಿ ಅದರ ಅರ್ಧವೂ ಇಲ್ಲ. ಹಳೇ ಲೆಕ್ಕ ನಂಬಿ ಸಾಲ ಮಾಡಿ ಹೋಟೆಲು ಕಟ್ಟಿದ ಅಲ್ಲಿಯವರೇ ಕಷ್ಟದಲ್ಲಿದ್ದಾರೆ, ಅದರ ಮೇಲೆ ನಾವು ಇನ್ನೊಂದು ಕಟ್ಟುವುದು ಯಾಕೆ? ಕಣ್ಣಿಡಬೇಕಾದ್ದು ಅಸ್ಸಾಂ ಗಡಿಯ ಗೆಲೆಫು ಕಡೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ರಾಜರು ಹೊಸ ನಗರ ಘೋಷಿಸಿದರು, ಅದಕ್ಕೆ ಸಿಂಗಾಪುರದ ಕಾನೂನುಗಳನ್ನು ಆಧಾರ ಮಾಡಿಕೊಂಡಿದ್ದಾರೆ, ಕೋಕ್ರಾಝಾರ್‌ನಿಂದ ರೈಲು ಮಾರ್ಗವನ್ನು ಭಾರತ 2025ರಲ್ಲಿ ಘೋಷಿಸಿದೆ. ರೈಲು ಓಡಲಿ, ಆಮೇಲೆ ನೋಡೋಣ.

ಇಲ್ಲಿಂದ ದುಡ್ಡು ಕಳಿಸುವಾಗ

ಯಾವ ದೇಶ ಆದರೂ ನಮ್ಮ ಕಡೆಯ ನಿಯಮವೂ ಇದೆ. ಒಬ್ಬರು ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹೊರಗಿನ ಕಂಪನಿಯ ಷೇರು ಕೊಳ್ಳುವುದು 2022ರ ಹೊಸ ನಿಯಮಗಳ ಅಡಿ ಬರುತ್ತದೆ, ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ತುಂಬಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಅದು ರಿಟರ್ನ್ಸ್‌ನಲ್ಲಿ ವಾಪಸ್ ಸಿಗುತ್ತದೆ, ಆದರೆ ಅಷ್ಟು ತಿಂಗಳು ಕೈಗೆ ಸಿಗದೆ ಕೂತಿರುತ್ತದೆ, ಕಟ್ಟಡದ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ನೇಪಾಳಕ್ಕೆ ಹೂಡಿಕೆ ನಮ್ಮ ರೂಪಾಯಿಯಲ್ಲೇ ಹೋಗುತ್ತದೆ. ಈ ವಿಷಯ ಗೊತ್ತಿರುವ ಸಿಎ ಒಬ್ಬರನ್ನು ಹಿಡಿಯಿರಿ, ಮನೆ ಲೆಕ್ಕ ನೋಡುವ ಸಿಎಗೆ ಇದು ಹೊಸತಾಗಿರಬಹುದು.

ನಾನಾದರೆ ಏನು ಮಾಡುತ್ತೇನೆ

ಒಂದೂವರೆ ಎರಡು ಕೋಟಿ ಇದ್ದು, ಸಸ್ಯಾಹಾರಿ ಹೋಟೆಲು ನಡೆಸಿ ಅನುಭವ ಇರುವ ಕುಟುಂಬ ಆದರೆ ನೇಪಾಳ, ಅದರಲ್ಲೂ ಯಾತ್ರಿಕರಿಗೆ ಅಂತಲೇ ಮಾಡಿದ ಇಪ್ಪತ್ತು ಮೂವತ್ತು ರೂಮಿನ ಹೋಟೆಲು. ಅಷ್ಟು ಬಂಡವಾಳ ಇಲ್ಲ, ಆದರೆ ಒಬ್ಬರು ಅಲ್ಲೇ ಹೋಗಿ ಇರಲು ತಯಾರಿದ್ದೀರಿ ಅಂದರೆ ಶ್ರೀಲಂಕಾದಲ್ಲಿ ಈಗಾಗಲೇ ನಡೆಯುತ್ತಿರುವ ಚಿಕ್ಕ ಹೋಟೆಲಿನಲ್ಲಿ ಪಾಲು ಕೇಳಿ, ಹೊಸದಾಗಿ ಕಟ್ಟಬೇಡಿ. ಇಲ್ಲೇ ಕೂತು ಫೋನಿನಲ್ಲೇ ನಡೆಸುತ್ತೇನೆ ಅನ್ನುವವರಿಗೆ ನಾಲ್ಕೂ ಬೇಡ.

ಮತ್ತೆ ಜಾಗ ನೋಡಲು ಸೀಸನ್‌ನಲ್ಲಿ ಹೋಗಬೇಡಿ. ಪೊಖರಾಕ್ಕೆ ಜುಲೈ ಕೊನೆಗೆ ಹೋಗಿ, ಗಾಲೆಗೆ ಜೂನ್‌ನಲ್ಲಿ ಹೋಗಿ. ರಾತ್ರಿ ಎಂಟು ಗಂಟೆಗೆ ಆ ಬೀದಿಯಲ್ಲಿ ನಿಂತು ಎಷ್ಟು ರೂಮಿನಲ್ಲಿ ದೀಪ ಉರಿಯುತ್ತಿದೆ ಅಂತ ಎಣಿಸಿ. ಬೆಳಿಗ್ಗೆ ಹೋಟೆಲುಗಳಿಗೆ ಹಾಲು, ತರಕಾರಿ ಹಾಕುವವರ ಹತ್ತಿರ ಒಂದು ಚಹಾ ಕುಡಿದು ಮಾತಾಡಿಸಿ, ಯಾವ ಹೋಟೆಲು ಬಾಕಿ ಉಳಿಸಿಕೊಂಡಿದೆ, ಯಾವುದು ತಿಂಗಳು ತಿಂಗಳು ಸರಿಯಾಗಿ ಕೊಡುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಹೀಗೆ ಎರಡು ವಾರ ಇದ್ದು ಬಂದ ಮೇಲೂ ಆಸೆ ಹಾಗೇ ಇದ್ದರೆ, ಆಗ ವಕೀಲರಿಗೆ ಫೋನ್ ಮಾಡಿ.